ಕೆನೆ ಕಡಿಮೆ ಇದ್ದರೂ ಗಟ್ಟಿ ಮೊಸರು: ಹೆಪ್ಪು ಹಾಕುವುದರಿಂದ ಮಜ್ಜಿಗೆ ಹುಳಿಯ ತನಕ

ಕೊಬ್ಬು ಕಡಿಮೆ ಇರುವ ಹಾಲಿನಲ್ಲಿ ಒಳ್ಳೆಯ ಮೊಸರು ಆಗುವುದೇ ಇಲ್ಲ, ನೀರು ನೀರಾಗುತ್ತದೆ ಎಂದು ಬಹಳ ಮನೆಗಳಲ್ಲಿ ಹೇಳುತ್ತಾರೆ. ಡಾಕ್ಟರ್ ಹೇಳಿದರು ಅಂತ ಹಾಲು ಬದಲಾಯಿಸುತ್ತಾರೆ, ವಾರ ಕಳೆಯುವಷ್ಟರಲ್ಲಿ ಮತ್ತೆ ಕೆನೆಹಾಲಿಗೇ ಮರಳುತ್ತಾರೆ. ತಪ್ಪು ಹಾಲಿನದ್ದಲ್ಲ. ಮೊಸರು ಗಟ್ಟಿಯಾಗಿ ನಿಲ್ಲಿಸುವುದು ಮುಖ್ಯವಾಗಿ ಹಾಲಿನ ಪ್ರೋಟೀನ್. ಅದನ್ನು ಸರಿಯಾಗಿ ಕಾಯಿಸಿ, ಸ್ವಲ್ಪ ಜಾಸ್ತಿ ಮಾಡಿಕೊಂಡರೆ ಸಾಕು.

ಹಾಲು ಆರಿಸುವುದು

ಪ್ಯಾಕೆಟ್ ಮೇಲೆ ಬರೆದಿರುವುದನ್ನು ಓದಿ. ಫುಲ್ ಕ್ರೀಮ್ ಹಾಲಿನಲ್ಲಿ ಕೊಬ್ಬು ಶೇ 6, ಟೋನ್ಡ್ ಹಾಲಿನಲ್ಲಿ ಶೇ 3, ಡಬಲ್ ಟೋನ್ಡ್‌ನಲ್ಲಿ ಶೇ 1.5. ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್ ಹಾಲು. ಕಡಿಮೆ ಕೊಬ್ಬಿನ ಮೊಸರಿಗೆ ಡಬಲ್ ಟೋನ್ಡ್ ಸರಿಯಾದ ಆಯ್ಕೆ. ಅದು ಸಿಗದಿದ್ದರೆ ಟೋನ್ಡ್ ಹಾಲನ್ನೇ ಕಾಯಿಸಿ, ಆರಿಸಿ, ಫ್ರಿಜ್‌ನಲ್ಲಿಟ್ಟು ಮೇಲೆ ಕಟ್ಟಿದ ಕೆನೆ ತೆಗೆಯಿರಿ. ಹೋಮೊಜಿನೈಸ್ಡ್ ಎಂದು ಬರೆದಿದ್ದರೆ ಮಾತ್ರ ಈ ದಾರಿ ಹಿಡಿಯಬೇಡಿ, ಅದರಲ್ಲಿ ಕೊಬ್ಬು ಹಾಲಿನ ತುಂಬ ಬೆರೆತೇ ಇರುತ್ತದೆ, ಕೆನೆ ಸರಿಯಾಗಿ ಕಟ್ಟುವುದಿಲ್ಲ.

ಕಾಯಿಸುವುದು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಒಂದು ಲೀಟರ್ ಹಾಲಿಗೆ ಸುಮಾರು 30 ಗ್ರಾಂ ಕೆನೆರಹಿತ ಹಾಲಿನ ಪುಡಿ ತೆಗೆದುಕೊಳ್ಳಿ. ತಣ್ಣಗಿನ ಹಾಲಿನಲ್ಲೇ ಗಂಟಿಲ್ಲದ ಹಾಗೆ ಕಲಸಿ. ಬಿಸಿ ಹಾಲಿಗೆ ಸುರಿದರೆ ಗಂಟು ಕಟ್ಟುವುದು ಖಂಡಿತ. ಇಷ್ಟು ಪುಡಿಯಿಂದ ಲೀಟರಿಗೆ ಹತ್ತು ಗ್ರಾಂಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್ ಸೇರುತ್ತದೆ, ಕೊಬ್ಬು ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ.

ಹಾಲು ಉಕ್ಕಿ ಬಂದ ತಕ್ಷಣ ಒಲೆ ಆರಿಸಬೇಡಿ. ಉರಿ ಸಣ್ಣ ಮಾಡಿ, ತಳ ಹತ್ತದಂತೆ ಕೈಯಾಡಿಸುತ್ತಾ ಇನ್ನೂ ಹತ್ತು ನಿಮಿಷ ಕಾಯಿಸಿ. ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನ್ ಇದೆ, ಜೊತೆಗೆ ವೇ ಪ್ರೋಟೀನ್‌ಗಳೂ ಇವೆ. ಹೀಗೆ ಚೆನ್ನಾಗಿ ಕಾದಾಗ ವೇ ಪ್ರೋಟೀನ್ ಬಿಚ್ಚಿಕೊಂಡು ಕೇಸಿನ್‌ಗೆ ಅಂಟಿಕೊಳ್ಳುತ್ತದೆ. ಮುಂದೆ ಹಾಲು ಹುಳಿಯಾಗಿ ಕೇಸಿನ್ ಹೆಪ್ಪುಗಟ್ಟುವಾಗ ಅವೆರಡೂ ಸೇರಿ ನೀರನ್ನು ಹಿಡಿದಿಡುತ್ತವೆ. ಸುಮ್ನೆ ಬಿಸಿ ಮಾಡಿದ ಹಾಲಿಗೆ ಹೆಪ್ಪು ಹಾಕಿದರೆ ಆ ಹಿಡಿತ ಇರುವುದಿಲ್ಲ. ಬೆಳಿಗ್ಗೆ ನೋಡಿದರೆ ಮೇಲೆ ನೀರು, ಕೆಳಗೆ ತೆಳು ಮೊಸರು.

ಹೆಪ್ಪು

ಹಾಲು 40ರಿಂದ 42 ಡಿಗ್ರಿ ಸೆಲ್ಸಿಯಸ್‌ಗೆ ಆರಲಿ. ಬೆರಳು ಅದ್ದಿದರೆ ಸುಡಬಾರದು, ಹಿತವಾದ ಬಿಸಿ ಗೊತ್ತಾಗಬೇಕು. ಬೇಸಿಗೆಯಲ್ಲಿ ಅರ್ಧ ಲೀಟರಿಗೆ ಒಂದು ಟೀ ಚಮಚ ಹೆಪ್ಪು ಸಾಕು. ಚಳಿಗಾಲಕ್ಕೆ ಅದರ ಎರಡರಷ್ಟು ಹಾಕಿ. ಜಾಸ್ತಿ ಹಾಕಿದರೆ ಬೇಗ ಆಗಬಹುದು, ಆದರೆ ಹುಳಿ ಹೆಚ್ಚುತ್ತದೆ, ನುಣುಪು ಹೋಗುತ್ತದೆ. ಹೆಪ್ಪನ್ನು ಮೊದಲು ಎರಡು ಚಮಚ ಹಾಲಿನಲ್ಲಿ ಕದಡಿ, ಆಮೇಲೆ ಪಾತ್ರೆಗೆ ಹಾಕಿ ಕಲಸಿ. ಆಮೇಲೆ ಪಾತ್ರೆ ಅಲ್ಲಾಡಿಸಲೇಬಾರದು.

ಕಲಬುರಗಿಯ ಏಪ್ರಿಲ್‌ನಲ್ಲಿ ಕಟ್ಟೆಯ ಮೇಲಿಟ್ಟರೂ ಕೆಲವೇ ಗಂಟೆಗಳಲ್ಲಿ ಮೊಸರಾಗುತ್ತದೆ. ಮಡಿಕೇರಿಯ ಡಿಸೆಂಬರ್‌ನಲ್ಲಿ ಬಟ್ಟೆ ಸುತ್ತಿ ಹಾಟ್‌ಕೇಸ್‌ನಲ್ಲಿಡಬೇಕು. ಮಣ್ಣಿನ ಕುಡಿಕೆ ಇದ್ದರೆ ಅದನ್ನೇ ಬಳಸಿ, ಅದು ಒಂದಿಷ್ಟು ನೀರು ಹೀರಿಕೊಳ್ಳುತ್ತದೆ. ಕಡಿಮೆ ಕೊಬ್ಬಿನ ಮೊಸರಿಗೆ ಅದರಷ್ಟು ಹೊಂದುವ ಪಾತ್ರೆ ಇನ್ನೊಂದಿಲ್ಲ. ಪಾತ್ರೆ ಓರೆ ಮಾಡಿದಾಗ ಮೊಸರು ಒಂದೇ ಗಡ್ಡೆಯಾಗಿ ಅಂಚು ಬಿಟ್ಟರೆ ಆಯಿತು ಎಂದರ್ಥ. ಕೂಡಲೇ ಫ್ರಿಜ್‌ಗೆ ಇಡಿ. ಹೊರಗೇ ಬಿಟ್ಟರೆ ಹುಳಿ ಏರುತ್ತಲೇ ಹೋಗುತ್ತದೆ.

ಇದರಲ್ಲಿ ಏನಿದೆ?

ಹಾಲಿನ ಪುಡಿ ಸೇರಿಸಿ ಮಾಡಿದ ಕಡಿಮೆ ಕೊಬ್ಬಿನ ಸಪ್ಪೆ ಯೋಗರ್ಟ್ 100 ಗ್ರಾಂಗೆ ಸುಮಾರು 63 ಕ್ಯಾಲರಿ, 5 ಗ್ರಾಂ ಪ್ರೋಟೀನ್, 1.5 ಗ್ರಾಂ ಕೊಬ್ಬು, 180 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಪೋಷಕಾಂಶ ಪಟ್ಟಿಗಳು ಹೇಳುತ್ತವೆ. ನಮ್ಮ ಮನೆಯ ಮೊಸರು ಹಾಲಿಗೂ ಪುಡಿಗೂ ತಕ್ಕಂತೆ ಅದಕ್ಕಿಂತ ಸ್ವಲ್ಪ ಕೆಳಗೇ ಇರುತ್ತದೆ. ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸು ಹೇಳುತ್ತದೆ. ಒಂದು ದೊಡ್ಡ ಬಟ್ಟಲು ಮೊಸರಿನಿಂದ ಅದರಲ್ಲಿ ಕಾಲು ಭಾಗದಷ್ಟಾದರೂ ಸಿಗುತ್ತದೆ. ಸಸ್ಯಾಹಾರಿಗಳಿಗೆ ಬಿ12 ಸಿಗುವ ದಾರಿಗಳು ಬಹಳ ಕಡಿಮೆ, ಅವುಗಳಲ್ಲಿ ಮೊಸರೂ ಒಂದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಲ್ಲಿ ಎಷ್ಟೋ ಜನಕ್ಕೆ ಮೊಸರು ಒಗ್ಗುತ್ತದೆ. ಅದರಲ್ಲಿರುವ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯ ಒಂದು ಪಾಲನ್ನು ಮೊದಲೇ ಬಳಸಿಕೊಂಡಿರುತ್ತದೆ.

ಒಂದು ಲೆಕ್ಕ ಮಾತ್ರ ನೆನಪಿಡಿ. ಟೋನ್ಡ್‌ನಿಂದ ಡಬಲ್ ಟೋನ್ಡ್‌ಗೆ ಬಂದರೆ 200 ಗ್ರಾಂ ಮೊಸರಿಗೆ ಉಳಿಯುವುದು 3 ಗ್ರಾಂ ಕೊಬ್ಬು, ಅಂದರೆ 27 ಕ್ಯಾಲರಿ. ಅದರ ಮೇಲೆ ಎರಡು ಚಮಚ ಸಕ್ಕರೆ ಹಾಕಿದರೆ ಉಳಿಸಿದ್ದಷ್ಟೂ ವಾಪಸ್ ಬಂತು, ಅಲ್ವಾ? ಹಣ್ಣಿನ ಸ್ವಾದದ ಯೋಗರ್ಟ್ ಕಪ್ ಕೊಳ್ಳುವಾಗಲೂ ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದೆ ಬರೆದ ಸಕ್ಕರೆಯ ಪ್ರಮಾಣ ನೋಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಈ ಮೊಸರು ಬೇಡ, ಅವರಿಗೆ ಕೊಬ್ಬು ಬೇಕು. ಕಿಡ್ನಿ ತೊಂದರೆ ಇರುವವರು ಎಷ್ಟು ತಿನ್ನಬಹುದು ಎಂದು ವೈದ್ಯರನ್ನೇ ಕೇಳಲಿ.

ಅಡುಗೆಗೆ

ತಣ್ಣಗೆ ಬಳಸುವ ಕಡೆ ಯಾವ ಚಿಂತೆಯೂ ಇಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಜೊತೆ ಒಂದು ಸೌಟು ಮೊಸರು ಹಾಕಿಕೊಳ್ಳಿ. ಸೌತೆಕಾಯಿ ಮೊಸರು ಬಜ್ಜಿ, ರಾಗಿ ಅಂಬಲಿಗೆ ಮಜ್ಜಿಗೆ, ದೊಡ್ಡಪತ್ರೆ ತಂಬುಳಿ ಎಲ್ಲಕ್ಕೂ ಇದೇ ಸಾಕು. ಮೊಸರನ್ನಕ್ಕೆ ಅನ್ನ ಮೆತ್ತಗೆ ಮಾಡಿ, ಪೂರ್ತಿ ಆರಿದ ಮೇಲೆ ಕಲಸಿ. ಕೆನೆ ಇಲ್ಲದ್ದು ಗೊತ್ತೇ ಆಗುವುದಿಲ್ಲ.

ಬಿಸಿ ಮಾಡುವಾಗ ಎಚ್ಚರ ಬೇಕು. ಕೊಬ್ಬು ಕಡಿಮೆ ಇರುವ ಮೊಸರು ಬೇಗ ಒಡೆಯುತ್ತದೆ. ಮಜ್ಜಿಗೆ ಹುಳಿಗೆ ನೆನೆಸಿದ ಕಡಲೆಬೇಳೆ ರುಬ್ಬಿ ಹಾಕುವುದು ರುಚಿಗಷ್ಟೇ ಅಲ್ಲ, ಆ ಬೇಳೆಯ ಹಿಟ್ಟಿನ ಅಂಶ ಮೊಸರನ್ನು ಒಡೆಯಲು ಬಿಡುವುದಿಲ್ಲ. ಬೂದುಗುಂಬಳ ಬೆಂದು, ಮಸಾಲೆ ಕುದಿದು ಹಸಿ ವಾಸನೆ ಹೋದ ಮೇಲೆ ಉರಿ ಸಣ್ಣ ಮಾಡಿ. ಫ್ರಿಜ್‌ನಿಂದ ಮೊದಲೇ ತೆಗೆದಿಟ್ಟ ಮೊಸರನ್ನು ಚೆನ್ನಾಗಿ ಕಡೆದು ಸುರಿಯಿರಿ. ಒಂದೇ ದಿಕ್ಕಿನಲ್ಲಿ ಕೈಯಾಡಿಸಿ. ಅಂಚಿನಲ್ಲಿ ನೊರೆ ಕಟ್ಟಿ ಮೇಲೇಳುತ್ತಿದ್ದಂತೆ ಇಳಿಸಿ, ಕುದಿಯಲು ಬಿಡಬೇಡಿ. ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತದೆ ನಿಜ, ಆದರೆ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಎಲ್ಲೂ ಹೋಗುವುದಿಲ್ಲ.

ಸ್ಯಾಂಡ್‌ವಿಚ್‌ಗೆ ಮೇಯೊನೈಸ್ ಬದಲು ಏನಾದರೂ ಬೇಕಿದ್ದರೆ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಫ್ರಿಜ್‌ನಲ್ಲೇ ಎರಡು ಮೂರು ಗಂಟೆ ಸೋರಲು ಬಿಡಿ. ಉಪ್ಪು, ಕಾಳುಮೆಣಸು, ಕೊತ್ತಂಬರಿ ಸೊಪ್ಪು ಸೇರಿಸಿದರೆ ಬ್ರೆಡ್ ಮೇಲೆ ಸವರುವಷ್ಟು ಗಟ್ಟಿ ಬರುತ್ತದೆ. ಕೆಳಗೆ ಸೋರಿದ ತಿಳಿನೀರನ್ನು ಚೆಲ್ಲಬೇಡಿ. ಕ್ಯಾಲ್ಸಿಯಂನ ಒಂದು ಪಾಲು ಅದರಲ್ಲೇ ಇರುತ್ತದೆ. ಚಪಾತಿ ಹಿಟ್ಟು ಕಲಸಲು ಬಳಸಿ, ಇಲ್ಲವೇ ಸಾರಿಗೆ ಹುಣಸೆಹಣ್ಣು ಸ್ವಲ್ಪ ಕಡಿಮೆ ಮಾಡಿ ಇದನ್ನು ಹಾಕಿ.