ವ್ಯಾಲೆಟ್ಟಾದ ಹಳೇ ಮನೆ-ಹೋಟೆಲ್‌ಗಳಲ್ಲಿ ತಂಗುವುದು: ಕೋಣೆ ಆರಿಸುವುದರಿಂದ ಕೀಲಿ ಹಿಂತಿರುಗಿಸುವವರೆಗೆ

ಮಾಲ್ಟಾದ ರಾಜಧಾನಿ ವ್ಯಾಲೆಟ್ಟಾದಲ್ಲಿ ಬುಟೀಕ್ ಹೋಟೆಲ್ ಹೆಸರಿನಲ್ಲಿ ನಡೆಯುವ ಹೆಚ್ಚಿನ ಕಟ್ಟಡಗಳು ಹೋಟೆಲ್‌ಗೆಂದು ಕಟ್ಟಿದವಲ್ಲ. ಸಿರಿವಂತರ ಮನೆಗಳು, ವರ್ತಕರ ಮಹಡಿಗಳು; ಕೆಲವಕ್ಕೆ ಮುನ್ನೂರು ವರ್ಷ ದಾಟಿದೆ. ಎಂಟೋ ಹತ್ತೋ ಇಪ್ಪತ್ತೋ ಕೋಣೆ, ಒಂದರಂತೆ ಇನ್ನೊಂದಿಲ್ಲ. ಒಂದಕ್ಕೆ ಬಂದರಿನ ನೋಟ, ಅದೇ ಬೆಲೆಯ ಇನ್ನೊಂದಕ್ಕೆ ಕಿಟಕಿಯೇ ಇಲ್ಲ. ಹಾಗಾಗಿ ಹೋಟೆಲ್ ಆರಿಸಿದ ಮೇಲೂ ಕೋಣೆ ಆರಿಸುವ ಕೆಲಸ ಬಾಕಿ ಇರುತ್ತದೆ. ಅದನ್ನು ಬುಕಿಂಗ್ ತಾಣಕ್ಕೆ ಬಿಟ್ಟವರಿಗೆ ಸಾಮಾನ್ಯವಾಗಿ ಉಳಿದ ಕೋಣೆಯೇ ಗತಿ.

ಊರಿನ ಏರಿಳಿತ ಮೊದಲು ತಿಳಿದಿರಲಿ

1565ರಲ್ಲಿ ಆಟೊಮನ್ನರ ಮುತ್ತಿಗೆಯನ್ನು ತಡೆದುಕೊಂಡ ಸೇಂಟ್ ಜಾನ್ ಪಂಥದ ಯೋಧರು ಮರುವರ್ಷವೇ, 1566ರಲ್ಲಿ, ಈ ನಗರಕ್ಕೆ ಅಡಿಗಲ್ಲು ಹಾಕಿದರು. ಇಟಲಿಯ ಎಂಜಿನಿಯರ್ ಫ್ರಾಂಚೆಸ್ಕೊ ಲಾಪರೆಲ್ಲಿ ಬೀದಿಗಳನ್ನು ಚದುರಂಗದ ಮನೆಗಳ ಹಾಗೆ ನೇರವಾಗಿ ಎಳೆದ. ನೆಲ ಮಾತ್ರ ನೇರವಿರಲಿಲ್ಲ. ಎರಡು ಬಂದರುಗಳ ನಡುವೆ ಚಾಚಿದ ಗುಡ್ಡದ ಬೆನ್ನಿನ ಮೇಲೆ ಗೆರೆ ಎಳೆದದ್ದರಿಂದ ಅಡ್ಡಬೀದಿಗಳು ಸಮುದ್ರದ ಕಡೆಗೆ ಇಳಿಯುತ್ತಾ ಕೊನೆಗೆ ಮೆಟ್ಟಿಲಾಗಿಬಿಡುತ್ತವೆ.

ಇಡೀ ಊರು ಒಂದು ಚದರ ಕಿಲೋಮೀಟರೂ ಇಲ್ಲ. ನಗರದ ಬಾಗಿಲಿನಿಂದ ತುದಿಯ ಸೇಂಟ್ ಎಲ್ಮೊ ಕೋಟೆಗೆ ಸುಮಾರು ಒಂದು ಕಿಲೋಮೀಟರ್. ಆದ್ದರಿಂದ ‘ಕೇಂದ್ರಕ್ಕೆ ಹತ್ತಿರ’ ಎಂಬ ಜಾಹೀರಾತಿಗೆ ಇಲ್ಲಿ ಅರ್ಥವೇ ಇಲ್ಲ, ಎಲ್ಲವೂ ಹತ್ತಿರವೇ. ಕೇಳಬೇಕಾದ್ದು ದೂರವನ್ನಲ್ಲ, ಮೆಟ್ಟಿಲನ್ನು. ರಿಪಬ್ಲಿಕ್ ಸ್ಟ್ರೀಟ್ ಗುಡ್ಡದ ನೆತ್ತಿಯಲ್ಲಿದೆ. ಅದಕ್ಕೂ ಮರ್ಚೆಂಟ್ಸ್ ಸ್ಟ್ರೀಟಿಗೂ ಸೂಟ್‌ಕೇಸ್ ಎಳೆದುಕೊಂಡು ಹೋಗಬಹುದು. ಸೇಂಟ್ ಅರ್ಸುಲಾ ಸ್ಟ್ರೀಟಿನ ಕೆಲವು ಭಾಗ ಶುದ್ಧ ಮೆಟ್ಟಿಲು. ಮೊಣಕಾಲು ನೋವಿನ ತಂದೆತಾಯಿ ಜೊತೆಗಿದ್ದರೆ ಅಂತರ್ಜಾಲ ನಕ್ಷೆಯಲ್ಲಿ ಬೀದಿಯ ಹೆಸರು ಹಾಕಿ ಅಲ್ಲಿನ ಫೋಟೊಗಳನ್ನು ಒಮ್ಮೆ ನೋಡಿಬಿಡಿ, ಐದು ನಿಮಿಷದ ಕೆಲಸ. ಹೋಟೆಲ್ ಕಳಿಸುವ ವಿಳಾಸ ಮಾಲ್ಟೀಸ್ ಭಾಷೆಯಲ್ಲಿದ್ದರೆ ಗೊಂದಲ ಬೇಡ. ಇಂಗ್ಲಿಷ್ ಕೂಡ ಅಧಿಕೃತ ಭಾಷೆ, ಬೀದಿಗಳಿಗೆ ಎರಡೂ ಹೆಸರಿವೆ.

ಸದ್ದು ಎಲ್ಲಿಂದ ಬರುತ್ತದೆ

ಸ್ಟ್ರೇಟ್ ಸ್ಟ್ರೀಟ್ ಒಂದು ಕಾಲಕ್ಕೆ ನಾವಿಕರ ಮೋಜಿನ ಬೀದಿ. ಈಗ ಮತ್ತೆ ಬಾರ್‌ಗಳಿಂದ ತುಂಬಿದೆ. ಎರಡು ಗೋಡೆಗಳ ನಡುವಿನ ಆ ಇಕ್ಕಟ್ಟಿನಲ್ಲಿ ಕೆಳಗೆ ನಕ್ಕರೆ ಮೂರನೇ ಮಹಡಿಗೆ ಕೇಳುತ್ತದೆ. ನಗರದ ಕೆಲವು ಬೀದಿಗಳಲ್ಲಿ ರಾತ್ರಿ 1 ಗಂಟೆಯವರೆಗೆ ಹೊರಾಂಗಣ ಸಂಗೀತಕ್ಕೆ 2022ರಲ್ಲಿ ಅನುಮತಿ ಸಿಕ್ಕಾಗ ನಿವಾಸಿಗಳೇ ತಿರುಗಿಬಿದ್ದಿದ್ದರು. ಬೇಗ ಮಲಗುವವರು ಕೋಟೆಯ ಕಡೆಯ ಕೆಳತುದಿ ನೋಡಲಿ, ಅಲ್ಲಿ ಸಂಜೆಯಾದರೆ ಬೀದಿ ಖಾಲಿ.

ಚರ್ಚಿನ ಗಂಟೆಯಿಂದ ಮಾತ್ರ ಎಲ್ಲಿಯೂ ಬಿಡುಗಡೆಯಿಲ್ಲ. ಫೆಬ್ರವರಿ 10ರ ಸೇಂಟ್ ಪಾಲ್ ಹಬ್ಬಕ್ಕೆ ಪಟಾಕಿಯೂ ಸೇರುತ್ತದೆ. ಅಪ್ಪರ್ ಬರಾಕ್ಕಾ ಉದ್ಯಾನದ ಕೆಳಗಿನ ಫಿರಂಗಿ ಸಾಲಿನಿಂದ ಮಧ್ಯಾಹ್ನ 12ಕ್ಕೂ ಸಂಜೆ 4ಕ್ಕೂ ಗುಂಡು ಹಾರುತ್ತದೆ. ಆ ಹೊತ್ತಿಗೆ ಪಕ್ಕದ ಹೋಟೆಲ್‌ನಲ್ಲಿ ಮಗುವನ್ನು ಮಲಗಿಸಲು ಹೋಗಬೇಡಿ. ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಪಕ್ಕದ ಕಟ್ಟಡದ ದುರಸ್ತಿ. ಬೆಳಗ್ಗೆ ಕಲ್ಲು ಕೊರೆಯುವ ಯಂತ್ರ ಶುರುವಾದರೆ ಎರಡು ಪದರದ ಗಾಜೂ ತಡೆಯುವುದಿಲ್ಲ. ಕಳೆದ ಮೂರು ತಿಂಗಳ ವಿಮರ್ಶೆಗಳಲ್ಲಿ ಈ ದೂರನ್ನೇ ಹುಡುಕಿ, ಹಳೆಯವನ್ನು ಓದಿ ಪ್ರಯೋಜನವಿಲ್ಲ.

ಕೋಣೆ

ನಗರದ ಆರಂಭದ ಕಟ್ಟಡ ನಿಯಮದಲ್ಲಿ ಪ್ರತಿ ಮನೆಗೂ ಮಳೆನೀರಿನ ತೊಟ್ಟಿ ಕಡ್ಡಾಯವಾಗಿತ್ತು. ಬಂಡೆಯಲ್ಲಿ ಕೊರೆದ ಆ ತೊಟ್ಟಿಗಳು ಇಂದು ಕೆಲವು ಹೋಟೆಲ್‌ಗಳಲ್ಲಿ ಬಾರ್, ಸ್ಪಾ, ಪುಟ್ಟ ಈಜುಕೊಳಗಳಾಗಿವೆ. ನೋಡಲು ಬಲು ಚೆಂದ, ಮಲಗಲು ಅಲ್ಲ. ಅದೇ ಮಟ್ಟದ ನೆಲಮಾಳಿಗೆಯ ಕೋಣೆ ಅಗ್ಗಕ್ಕೆ ಸಿಕ್ಕರೆ ಕಾರಣ ತೇವ. ಇಲ್ಲಿನ ಹಳದಿ ಸುಣ್ಣದ ಕಲ್ಲು ರಂಧ್ರಮಯ. ನೆಲದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಜೊತೆಗೆ ಉಪ್ಪೂ ಬಂದು ಗೋಡೆ ಹಿಟ್ಟು ಉದುರಿಸುತ್ತದೆ. ಮಾಲೀಕರು ಎಷ್ಟು ಬಣ್ಣ ಬಳಿದರೂ ಮಳೆಗಾಲದ ಮೂಲೆಕೋಣೆಯ ವಾಸನೆ ಹೋಗುವುದಿಲ್ಲ. ಒಂದನೇ ಮಹಡಿ ಎಲ್ಲಕ್ಕಿಂತ ಒಳ್ಳೆಯದು: ಮನೆಯ ಯಜಮಾನರು ತಮಗೆಂದು ಕಟ್ಟಿಸಿಕೊಂಡ ಎತ್ತರದ ಚಾವಣಿ, ಬೀದಿಗೆ ಚಾಚಿದ ಮುಚ್ಚಿದ ಮರದ ಬಾಲ್ಕನಿ ಇರುವುದು ಹೆಚ್ಚಾಗಿ ಅಲ್ಲಿಯೇ. ಕೊನೆಯ ಮಹಡಿಯಲ್ಲಿ ನೋಟ ಸಿಗುತ್ತದೆ, ಆಗಸ್ಟ್‌ನಲ್ಲಿ ಬಿಸಿಲಿಗೆ ಕಾದ ಚಾವಣಿಯೂ ಸಿಗುತ್ತದೆ. ‘ಗ್ರೌಂಡ್’ ಎಂದರೆ ಸೊನ್ನೆ, ಒಂದನೇ ಮಹಡಿ ನಮ್ಮಲ್ಲಿಯಂತೆಯೇ.

ಕಿಟಕಿಯ ವಿಷಯದಲ್ಲಿ ಮೂರು ಬಗೆ. ಬೀದಿಗೆ ತೆರೆದದ್ದು: ಬೆಳಕು, ಸದ್ದು ಎರಡೂ. ಒಳ ಅಂಗಳಕ್ಕೆ ತೆರೆದದ್ದು: ತಂಪು, ರಾತ್ರಿ ನಿಶ್ಶಬ್ದ, ಆದರೆ ಅಂಗಳದಲ್ಲೇ ತಿಂಡಿ ಬಡಿಸುವ ಹೋಟೆಲ್ ಆದರೆ ಏಳು ಗಂಟೆಗೇ ತಟ್ಟೆ ಚಮಚಗಳ ಸದ್ದು. ಮೂರನೆಯದು ಗಾಳಿಗೆಂದು ಬಿಟ್ಟ ಸಣ್ಣ ಕೊಳವೆಯಂಥ ಜಾಗಕ್ಕೆ ತೆರೆದದ್ದು. ಇದನ್ನು ‘ಒಳನೋಟದ ಕಿಟಕಿ’ ಎಂದು ಬರೆದಿರುತ್ತಾರೆ. ಹಗಲಲ್ಲೂ ದೀಪ ಹಾಕಬೇಕಾಗುವ ಕೋಣೆ ಅದು. ಕೋಣೆಯಲ್ಲಿ ನಿದ್ರೆ ಬಿಟ್ಟರೆ ಬೇರೇನೂ ಬೇಡ ಎನ್ನುವವರಿಗೆ ಮಾತ್ರ ಸರಿ.

ಅಳತೆಯನ್ನು ಚದರ ಮೀಟರ್‌ನಲ್ಲಿ ಕೊಡುತ್ತಾರೆ. 16 ಎಂದರೆ ಸುಮಾರು 170 ಚದರ ಅಡಿ: ಇಬ್ಬರ ಮಂಚ ಹಾಕಿದ ಮೇಲೆ ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ತೆರೆಯಲು ಜಾಗವಿಲ್ಲ. 20ಕ್ಕಿಂತ ಕೆಳಗೆ ಇಳಿಯದಿದ್ದರೆ ಒಳ್ಳೆಯದು. ಎತ್ತರದ ಚಾವಣಿಯನ್ನು ನೆಚ್ಚಿಕೊಂಡು ಅರ್ಧ ಅಟ್ಟ ಕಟ್ಟಿ ಮಂಚವನ್ನು ಮೇಲಿಟ್ಟಿರುವ ಕೋಣೆಗಳಿವೆ. ಫೋಟೊದಲ್ಲಿ ಅದ್ಭುತ, ರಾತ್ರಿ ಎರಡು ಗಂಟೆಗೆ ಕಡಿದಾದ ಏಣಿಮೆಟ್ಟಿಲಿಳಿದು ಶೌಚಾಲಯಕ್ಕೆ ಹೋಗುವಾಗ ಬೇರೆಯೇ ಕತೆ. ಸ್ನಾನದ ಮನೆಗೆ ಬರೀ ಗಾಜಿನ ಗೋಡೆ, ಬಾಗಿಲಿಲ್ಲ ಎಂಬುದೂ ಇಂಥ ಹೋಟೆಲ್‌ಗಳ ಚಟ. ಅಕ್ಕತಂಗಿಯರು, ಸ್ನೇಹಿತರು, ಮಕ್ಕಳು ಜೊತೆಗಿದ್ದರೆ ಫೋಟೊದಲ್ಲಿ ಅದನ್ನೇ ಹುಡುಕಿ ನೋಡಿ.

ಲಿಫ್ಟ್ ಇದ್ದರೂ ಅದು ಹಳೆಯ ಮೆಟ್ಟಿಲಿನ ಮಧ್ಯದಲ್ಲಿ ತೂರಿಸಿದ್ದು, ಇಬ್ಬರು ನಿಂತರೆ ಭರ್ತಿ. ಕೆಲವು ಕಡೆ ಕೊನೆಯ ಮಹಡಿಯವರೆಗೆ ಹೋಗುವುದೂ ಇಲ್ಲ. ಸಂರಕ್ಷಿತ ಕಟ್ಟಡದಲ್ಲಿ ಬೇಕಾದಂತೆ ಒಡೆಯುವ ಹಾಗಿಲ್ಲ.

ಇವೆಲ್ಲ ಗೊತ್ತಾದ ಮೇಲೆ ಹಣ ಕಟ್ಟುವ ಮೊದಲು ಹೋಟೆಲ್‌ಗೇ ನೇರ ಇಮೇಲ್ ಬರೆಯಿರಿ. ಪ್ರಶ್ನೆಗಳು ಚಿಕ್ಕದಾಗಿರಲಿ: ಯಾವ ಸಂಖ್ಯೆಯ ಕೋಣೆ, ಯಾವ ಮಹಡಿ, ಕಿಟಕಿ ಯಾವ ಕಡೆ? ಬೀದಿಬಾಗಿಲಿನಿಂದ ಕೋಣೆಯವರೆಗೆ ಲಿಫ್ಟ್ ಬಿಟ್ಟು ಎಷ್ಟು ಮೆಟ್ಟಿಲು? ಕೋಣೆ ಇದೇ ಕಟ್ಟಡದಲ್ಲೇ, ಅಥವಾ ಬೇರೆ ಬೀದಿಯ ಮತ್ತೊಂದು ಕಟ್ಟಡದಲ್ಲೇ? ಸ್ವಾಗತ ಕೌಂಟರ್ ಎಷ್ಟು ಗಂಟೆಯವರೆಗೆ? ಜನರೇಟರ್ ಇದೆಯೇ? ಕೊನೆಯದು ಅತಿಯಾಯಿತು ಎನ್ನಿಸಬಹುದು. 2023ರ ಜುಲೈನ ಬಿಸಿಗಾಳಿಯಲ್ಲಿ ನೆಲದಡಿಯ ಕೇಬಲ್‌ಗಳು ಕೆಟ್ಟು ಮಾಲ್ಟಾದಲ್ಲಿ ದಿನಗಟ್ಟಲೆ ವಿದ್ಯುತ್ ಕೈಕೊಟ್ಟಿತ್ತು. ಉತ್ತರ ಬಂದ ಮೇಲೆ ಕೋಣೆ ಸಂಖ್ಯೆಯನ್ನು ಬುಕಿಂಗ್ ದಾಖಲೆಯಲ್ಲೇ ಬರೆಸಿಕೊಳ್ಳಿ, ‘ಪ್ರಯತ್ನಿಸುತ್ತೇವೆ’ ಎಂಬುದು ಭರವಸೆಯಲ್ಲ. ಮಾಲ್ಟಾ ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಫೋನ್ ಮಾಡುವುದಾದರೆ ನಮ್ಮ ಮಧ್ಯಾಹ್ನದ ನಂತರ.

ಹಣ, ವೀಸಾ

ಮಾಲ್ಟಾಕ್ಕೆ ಬೇಕಾದ ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಕೈಗೆ ಬರುವವರೆಗೆ ‘ಹಣ ವಾಪಸಿಲ್ಲ’ ದರಕ್ಕೆ ಮರುಳಾಗಬೇಡಿ. ಹದಿನೈದು ಶೇಕಡಾ ಉಳಿಸಲು ಹೋಗಿ ವೀಸಾ ತಿರಸ್ಕೃತವಾದರೆ ಪೂರ್ತಿ ನಷ್ಟ. ರದ್ದತಿ ಉಚಿತವಿರುವ ದರದಲ್ಲಿ ಕಾದಿರಿಸಿ, ದೃಢೀಕರಣ ಪತ್ರದಲ್ಲಿ ಪ್ರಯಾಣಿಸುವ ಎಲ್ಲರ ಹೆಸರೂ ಪಾಸ್‌ಪೋರ್ಟಿನಲ್ಲಿದ್ದಂತೆ ಇದೆಯೇ ನೋಡಿ. ಜೊತೆಗೆ ಬರುವವರ ಹೆಸರಿಲ್ಲದೆ ‘ಇಬ್ಬರು ವಯಸ್ಕರು’ ಎಂದಷ್ಟೇ ಇರುವ ಪತ್ರ ವೀಸಾ ಕೇಂದ್ರದಲ್ಲಿ ತಕರಾರಿಗೆ ದಾರಿ. ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚಕ್ಕಿರಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು.

ಹೋಟೆಲ್‌ನವರು ಕಾರ್ಡಿನ ಮೇಲೆ ಮುಂಗಡ ತಡೆ ಹಾಕುತ್ತಾರೆ, ಅಂದರೆ ಒಂದಿಷ್ಟು ಮೊತ್ತವನ್ನು ನೀವು ಬಳಸದಂತೆ ಹಿಡಿದಿಡುತ್ತಾರೆ. ಇದಕ್ಕೆ ಕ್ರೆಡಿಟ್ ಕಾರ್ಡ್ ಕೊಡಿ. ಫಾರೆಕ್ಸ್ ಕಾರ್ಡ್ ಕೊಟ್ಟರೆ ತಡೆಹಿಡಿದ ಮೊತ್ತ ಬಿಡುಗಡೆಯಾಗುವಷ್ಟರಲ್ಲಿ ನೀವು ಊರಿಗೆ ಬಂದಿರುತ್ತೀರಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ನಮ್ಮ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಬಂದ್ ಆಗಿರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ಹೊರಡುವ ಮೊದಲೇ ತೆರೆಯಿರಿ. ಯಂತ್ರ ‘ರೂಪಾಯಿಯೋ ಯೂರೋವೋ’ ಎಂದು ಕೇಳಿದರೆ ಯೂರೋ ಒತ್ತಿ. ತಂಗುವ ಪ್ರವಾಸಿಗರಿಂದ 2016ರಿಂದ ಪಡೆಯುತ್ತಿರುವ ಪರಿಸರ ವಂತಿಗೆ ಸಣ್ಣ ಮೊತ್ತ. ಬುಕಿಂಗ್ ಬೆಲೆಯಲ್ಲಿ ಸೇರಿದೆಯೇ ಎಂದು ಕೇಳಿಟ್ಟುಕೊಂಡರೆ ಸಾಕು.

ತಲುಪುವುದು

ಲೂಕಾದ ವಿಮಾನ ನಿಲ್ದಾಣದಿಂದ ಎಕ್ಸ್4 ಬಸ್ ನಗರದ ಬಾಗಿಲಿನ ಹೊರಗಿನ ಟ್ರೈಟನ್ ಕಾರಂಜಿಯ ಬಳಿ ಇಳಿಸುತ್ತದೆ. ಟಿಕೆಟ್ ಚಾಲಕರ ಬಳಿಯೇ, ಚಿಲ್ಲರೆ ಇಟ್ಟುಕೊಳ್ಳಿ. ಅಲ್ಲಿಂದ ನಡಿಗೆ. ಟ್ಯಾಕ್ಸಿಯೂ ಹಗಲಲ್ಲಿ ಎಲ್ಲ ಹೋಟೆಲ್‌ಗಳ ಬಾಗಿಲಿಗೆ ಹೋಗಲಾರದು, ಮುಖ್ಯ ಬೀದಿಗಳು ನಡೆಯುವವರಿಗೆ ಮೀಸಲು. ‘ಟ್ಯಾಕ್ಸಿ ಎಲ್ಲಿ ನಿಲ್ಲಬೇಕು’ ಎಂದು ಹೋಟೆಲ್‌ನಿಂದ ನಕ್ಷೆಯ ಗುರುತು ತರಿಸಿಕೊಳ್ಳಿ. ಬಾಡಿಗೆ ಕಾರು ಬೇಡ: ನಮ್ಮಂತೆಯೇ ಎಡಬದಿ ಓಡಿಸುವ ದೇಶವೆಂಬ ಆಸೆಗೆ ಬಿದ್ದರೆ, ವ್ಯಾಲೆಟ್ಟಾದೊಳಗೆ ನಿಲ್ಲಿಸಲು ಜಾಗವೂ ಇಲ್ಲ, ಒಳಬರುವ ಕಾರುಗಳಿಗೆ ಕ್ಯಾಮೆರಾ ಲೆಕ್ಕದ ಶುಲ್ಕವೂ ಉಂಟು.

ರಾತ್ರಿ ತಡವಾಗಿ ಇಳಿಯುವವರಿಗೆ ಬಾಗಿಲಿನ ಸಂಖ್ಯಾಬೀಗದ ಕೋಡ್ ಕಳಿಸುತ್ತಾರೆ. ಅದನ್ನು ಕಾಗದದಲ್ಲೂ ಬರೆದುಕೊಳ್ಳಿ.

ಕೋಣೆಗೆ ಕಾಲಿಟ್ಟ ಕೂಡಲೇ ಚೀಲ ಬಿಚ್ಚಬೇಡಿ. ಬಾಗಿಲು ಮುಚ್ಚಿ ಒಂದು ನಿಮಿಷ ಗಾಳಿ ಮೂಸಿ, ಕಪಾಟಿನ ಹಿಂದಿನ ಮೂಲೆ ಮುಟ್ಟಿ ನೋಡಿ, ಬಿಸಿನೀರು ಬಿಡಿ, ಫೋನಿಗೆ ವೈಫೈ ಹಾಸಿಗೆಯ ಬಳಿ ಸಿಗುತ್ತದೆಯೇ ನೋಡಿ. ದಪ್ಪ ಕಲ್ಲಿನ ಗೋಡೆ ಸಂಕೇತವನ್ನು ನುಂಗುತ್ತದೆ. ಬದಲಿ ಕೋಣೆ ಕೇಳಲು ಇದೇ ಹೊತ್ತು. ಸಾಮಾನು ಹರಡಿದ ಮೇಲೆ ಯಾರೂ ಕಿವಿಗೊಡುವುದಿಲ್ಲ.

ಒಳಗೆ ಇರುವಾಗ

ಪ್ಲಗ್ ಬ್ರಿಟಿಷ್ ಮಾದರಿ, ಚಪ್ಪಟೆ ಮೂರು ಪಿನ್ನಿನದು. ನಮ್ಮ ದುಂಡು ಪಿನ್ ಹೋಗುವುದಿಲ್ಲ. ಯೂರೋಪಿಗೆಂದು ಕೊಂಡ ಎರಡು ಪಿನ್ನಿನ ಅಡಾಪ್ಟರೂ ಇಲ್ಲಿ ನಿರುಪಯೋಗಿ. ವೋಲ್ಟೇಜ್ ನಮ್ಮದೇ, 230.

ಜನವರಿ ರಾತ್ರಿಗಳು ಹತ್ತು ಡಿಗ್ರಿಯ ಆಸುಪಾಸು. ಅಂಕಿ ನೋಡಿ ನಗಬೇಡಿ, ಕಲ್ಲಿನ ಮನೆಯೊಳಗೆ ಆ ಚಳಿ ಮೂಳೆಗೆ ಇಳಿಯುತ್ತದೆ. ಎಸಿಯನ್ನು ಬಿಸಿಗೆ ತಿರುಗಿಸಿ ಮಲಗುವ ಅರ್ಧ ಗಂಟೆ ಮೊದಲೇ ಹಾಕಿ. ಮೂಲೆಯಲ್ಲಿ ತೇವ ಹೀರುವ ಯಂತ್ರವಿದ್ದರೆ ಅದರ ನೀರಿನ ಡಬ್ಬಿ ದಿನಕ್ಕೊಮ್ಮೆ ಚೆಲ್ಲಿ. ತುಂಬಿದರೆ ತಾನೇ ನಿಂತುಬಿಡುತ್ತದೆ, ಬೆಳಗ್ಗೆ ಹಾಸಿಗೆ ಒದ್ದೆ ಒದ್ದೆ. ಆಗ್ನೇಯದಿಂದ ಬೀಸುವ, ತೇವ ತುಂಬಿದ ಶ್ಲೋಕ್ ಗಾಳಿಯ ದಿನ ಕಿಟಕಿ ತೆರೆದರೆ ಒಗೆದ ಬಟ್ಟೆ ಒಣಗುವ ಮಾತೇ ಇಲ್ಲ. ತಾರಸಿಯ ಕೊಳ ಪುಟ್ಟದು, ಬಿಸಿ ಮಾಡದಿದ್ದರೆ ಚಳಿಗಾಲದಲ್ಲಿ ಫೋಟೊಗಷ್ಟೇ. ಮೇ, ಅಕ್ಟೋಬರ್ ಎರಡೂ ಹಿತ.

ನಲ್ಲಿ ನೀರು ಬಹುಪಾಲು ಸಮುದ್ರದ್ದನ್ನು ಸಿಹಿ ಮಾಡಿದ್ದು. ಕುಡಿಯಬಹುದು, ರುಚಿ ಹಿಡಿಸದು; ಕಾಫಿ ಡಿಕಾಕ್ಷನ್‌ಗೆ ಬಾಟಲಿ ನೀರೇ ಬಳಸಿ. ಸ್ನಾನದ ಮನೆಯಲ್ಲಿ ಹೆಲ್ತ್ ಫಾಸೆಟ್ ಇರುತ್ತದೆಂದು ನಂಬಬೇಡಿ.

ಸಸ್ಯಾಹಾರಿಗಳಿಗೆ ಬೆಳಗಿನ ತಿಂಡಿ ಹೊತ್ತಿಗೆ ಹಿಂದಿನ ಸಂಜೆಯೇ ಹೇಳಿದರೆ ಚಿಕ್ಕ ಅಡುಗೆಮನೆಯವರೂ ಒದಗಿಸುತ್ತಾರೆ. ಬೀದಿಯಲ್ಲಿ ಸಿಗುವ ಪಸ್ತಿತ್ಸಿ, ಅಂದರೆ ಬಟಾಣಿ ತುಂಬಿದ ಪಫ್‌ನಂಥ ತಿಂಡಿ, ಸಸ್ಯಾಹಾರವೆಂದು ಕಂಡರೂ ಹಿಟ್ಟಿಗೆ ಹಂದಿ ಕೊಬ್ಬು ಹಾಕುವ ರೂಢಿಯಿದೆ, ಕೇಳಿ ತಿನ್ನಿ. ಒಣ ಅವರೆಯಂಥ ಕಾಳನ್ನು ಬೇಯಿಸಿ ಬೆಳ್ಳುಳ್ಳಿ ಹಾಕಿ ಅರೆದ ಬಿಗಿಲ್ಲಾ ಬ್ರೆಡ್ಡಿಗೆ ಸೊಗಸು.

ಸೇಂಟ್ ಜಾನ್ ಸಹ-ಕೆಥೆಡ್ರಲ್‌ಗೆ ಹೋಗುವ ದಿನ ಚೂಪು ಹಿಮ್ಮಡಿಯ ಚಪ್ಪಲಿ ಕೋಣೆಯಲ್ಲೇ ಬಿಡಿ, ಅಮೃತಶಿಲೆಯ ಸಮಾಧಿಗಳ ನೆಲ ಕೆಡುತ್ತದೆಂದು ತಡೆಯುತ್ತಾರೆ. ಇಟಲಿಯ ಚಿತ್ರಕಾರ ಕರಾವಾಜೊ 1608ರಲ್ಲಿ ಬರೆದ ದೊಡ್ಡ ಚಿತ್ರ ಅಲ್ಲಿದೆ. ಭಾನುವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ. ಗ್ರ್ಯಾಂಡ್ ಹಾರ್ಬರ್ ದೋಣಿಗೆ ಹೋಗಲು ಅಪ್ಪರ್ ಬರಾಕ್ಕಾದ 58 ಮೀಟರ್ ಲಿಫ್ಟ್ ಬಳಸಿ, ಅಷ್ಟೂ ಮೆಟ್ಟಿಲು ಉಳಿಯುತ್ತದೆ.

ಹೊರಡುವ ದಿನ ಮುಂಜಾನೆಯ ವಿಮಾನವಿದ್ದರೆ ಕೌಂಟರಿನಲ್ಲಿ ಯಾರೂ ಇರುವುದಿಲ್ಲ. ಹಿಂದಿನ ಸಂಜೆಯೇ ಬಿಲ್ ತೀರಿಸಿ ರಸೀದಿ ಪಡೆಯಿರಿ, ಕಾರ್ಡಿನ ತಡೆ ತೆಗೆಸಿ, ಟ್ಯಾಕ್ಸಿಯನ್ನು ಹೋಟೆಲ್‌ನಿಂದಲೇ ಹೇಳಿಸಿ, ತಿಂಡಿಗೆ ಬದಲು ಕಟ್ಟಿಕೊಡುತ್ತಾರೆಯೇ ಕೇಳಿ. ಕೀಲಿ ಹಾಕುವ ಪೆಟ್ಟಿಗೆ ಬಾಗಿಲಿನ ಒಳಗೋ ಹೊರಗೋ ಎಂದು ನೋಡಿಟ್ಟುಕೊಳ್ಳಿ. ಒಳಗಿದ್ದರೆ, ಎಲ್ಲ ಸಾಮಾನೂ ಬೀದಿಗೆ ಸಾಗಿಸಿದ ಮೇಲೇ ಕೀಲಿ ಹಾಕಿ ಬಾಗಿಲೆಳೆಯಿರಿ. ಒಮ್ಮೆ ಎಳೆದರೆ ಮತ್ತೆ ತೆರೆಯುವುದಿಲ್ಲ.