ಕರಾವಳಿಯ ಸೆಕೆಯಲ್ಲೂ ಮಳೆಯಲ್ಲೂ ಲ್ಯಾಪ್‌ಟಾಪ್ ಬಾಳಿಕೆ ಬರಬೇಕಾದರೆ

ಮೂರು ವರ್ಷ ಚೆನ್ನಾಗಿಯೇ ದುಡಿದಿದ್ದ ಹಳೆಯ ಲ್ಯಾಪ್‌ಟಾಪನ್ನು, ಹೊಸದೊಂದು ಮನೆಗೆ ಬಂದ ವರ್ಷದ ಮೇ ತಿಂಗಳ ಕೊನೆಯಲ್ಲಿ, ಪೂರ್ತಿ ಚಾರ್ಜ್ ಮಾಡಿ ಚೀಲದೊಳಗೆ ಹಾಕಿ ಮರದ ಕಪಾಟಿನಲ್ಲಿ ಇಟ್ಟಿದ್ದೆ. ನವರಾತ್ರಿಯ ಹೊತ್ತಿಗೆ ತೆಗೆದು ನೋಡಿದಾಗ ಚೀಲಕ್ಕೆ ಬೂಷ್ಟು ಹಿಡಿದಿತ್ತು, ಯುಎಸ್‌ಬಿ ಕಿಂಡಿಗಳಲ್ಲಿ ತುಕ್ಕು ಕಾಣಿಸಿತ್ತು, ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೆ ತಳ್ಳಿತ್ತು. ಅದೇ ಮಳೆಗಾಲದಲ್ಲಿ ದಿನವೂ ಎಂಟು ಗಂಟೆ ದುಡಿದ ಹೊಸ ಯಂತ್ರಕ್ಕೆ ಏನೂ ಆಗಿರಲಿಲ್ಲ. ಮಂಗಳೂರು, ಉಡುಪಿಯ ಕಡೆ ಲ್ಯಾಪ್‌ಟಾಪನ್ನು ಸವೆಸುವುದು ಬಳಕೆಗಿಂತ ಹೆಚ್ಚಾಗಿ ಸೆಕೆ, ತೇವ ಮತ್ತು ಉಪ್ಪುಗಾಳಿ. ಆದ್ದರಿಂದ ಇಲ್ಲಿನ ಆರೈಕೆಯ ಕ್ರಮವೂ ಘಟ್ಟದ ಮೇಲಿನ ಊರುಗಳಿಗಿಂತ ಸ್ವಲ್ಪ ಬೇರೆಯಾಗಿರಬೇಕಾಗುತ್ತದೆ.

ಮೊದಲು ಬ್ಯಾಟರಿಯನ್ನು ನೋಡೋಣ. ಈಗಿನ ಲ್ಯಾಪ್‌ಟಾಪುಗಳಲ್ಲಿರುವುದು 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿಯ ಸುಧಾರಿತ ರೂಪ. ಹೊಸ ಬ್ಯಾಟರಿಯನ್ನು ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಬೇಕು, ಪ್ರತಿ ಸಲವೂ ಪೂರ್ತಿ ಖಾಲಿ ಮಾಡಿಯೇ ಮತ್ತೆ ತುಂಬಿಸಬೇಕು ಎಂಬ ಮಾತುಗಳು ಅದಕ್ಕೂ ಹಿಂದಿನ ನಿಕಲ್ ಬ್ಯಾಟರಿಗಳ ಕಾಲದವು. ಲಿಥಿಯಂ ಬ್ಯಾಟರಿಗೆ ಪದೇ ಪದೇ ಪೂರ್ತಿ ಖಾಲಿಯಾಗುವುದರಿಂದ ನಷ್ಟವೇ ಹೊರತು ಲಾಭವಿಲ್ಲ. ಸಾಮಾನ್ಯವಾಗಿ ಇದರ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್‌ನಷ್ಟಿರುತ್ತದೆ. ಆ ಎತ್ತರದ ವೋಲ್ಟೇಜಿನಲ್ಲಿ ಒಳಗಿನ ದ್ರಾವಣವು ನಿಧಾನವಾಗಿ ಕೆಡುತ್ತಿರುತ್ತದೆ, ಬಿಸಿ ಹೆಚ್ಚಿದಷ್ಟೂ ಕೆಡುವ ವೇಗವೂ ಹೆಚ್ಚುತ್ತದೆ. ಬ್ಯಾಟರಿ ತಂತ್ರಜ್ಞರು ಬಹುಕಾಲದಿಂದ ಉಲ್ಲೇಖಿಸುವ ಒಂದು ಅಂದಾಜಿನ ಪ್ರಕಾರ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 40ರಷ್ಟು ಚಾರ್ಜಿನಲ್ಲಿ ಒಂದು ವರ್ಷ ಇಟ್ಟ ಬ್ಯಾಟರಿಯಲ್ಲಿ ಮೂಲ ಸಾಮರ್ಥ್ಯದ ಶೇ. 96ರಷ್ಟು ಉಳಿದರೆ, 40 ಡಿಗ್ರಿಯಲ್ಲಿ ಪೂರ್ತಿ ತುಂಬಿ ಇಟ್ಟದ್ದರಲ್ಲಿ ಉಳಿಯುವುದು ಶೇ. 65 ಮಾತ್ರ. ನನ್ನ ಕಪಾಟಿನಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ ಇರಬೇಕು.

ಹಾಗಾಗಿ ಮಾಡಬೇಕಾದ ಮೊದಲ ಕೆಲಸವೆಂದರೆ ಚಾರ್ಜಿಗೆ ಶೇ. 80ರ ಮಿತಿ ಹಾಕುವುದು. ಲೆನೊವೊದಲ್ಲಿ ವಾಂಟೇಜ್ ತಂತ್ರಾಂಶದೊಳಗೆ, ಏಸಸ್‌ನಲ್ಲಿ ಮೈಏಸಸ್‌ನೊಳಗೆ, ಡೆಲ್ ಮತ್ತು ಎಚ್‌ಪಿಯ ಅನೇಕ ಮಾದರಿಗಳಲ್ಲಿ ಬಯೋಸ್‌ನಲ್ಲಿಯೇ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪುಟ) ಇದಕ್ಕೆ ವ್ಯವಸ್ಥೆಯಿದೆ. ಮಿತಿ ಹಾಕಿದ ಮೇಲೆ ಚಾರ್ಜರನ್ನು ದಿನವಿಡೀ ಸಿಕ್ಕಿಸಿಟ್ಟರೂ ತೊಂದರೆಯಿಲ್ಲ; ಯಂತ್ರವು ನೇರವಾಗಿ ಚಾರ್ಜರಿನ ವಿದ್ಯುತ್ತಿನಲ್ಲಿ ನಡೆಯುತ್ತದೆ, ಬ್ಯಾಟರಿ ಸುಮ್ಮನಿರುತ್ತದೆ. ಬೆಂಗಳೂರಿಗೆ ಹಗಲಿನ ರೈಲಿನಲ್ಲಿ ಹೋಗುವಂಥ ದಿನಗಳಲ್ಲಿ ಮಾತ್ರ ಮಿತಿ ತೆಗೆದು ಪೂರ್ತಿ ತುಂಬಿಸಿಕೊಂಡರೆ ಸಾಕು.

ಮಾರ್ಚ್‌ನಿಂದ ಮೇವರೆಗೆ ಸೆಕೆಯದೇ ಚಿಂತೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೋ ದಿಂಬಿನ ಮೇಲೋ ಇಟ್ಟರೆ ಅಡಿಯ ಗಾಳಿಕಿಂಡಿಗಳು ಮುಚ್ಚಿಹೋಗಿ, ಒಳಗಿನ ಬಿಸಿ ನೇರವಾಗಿ ಬ್ಯಾಟರಿಗೆ ತಾಗುತ್ತದೆ. ಗಟ್ಟಿ ಮೇಜಿನ ಮೇಲೆ, ಹಿಂಬದಿ ಎರಡು ಬೆರಳಿನಷ್ಟು ಎತ್ತರವಾಗುವಂತೆ ಇಟ್ಟುಕೊಳ್ಳಬೇಕು. ಹಂಚಿನ ಮನೆಯಾದರೆ ಮಧ್ಯಾಹ್ನದ ಹೊತ್ತು ಉಪ್ಪರಿಗೆಯಲ್ಲಿ ಕುಳಿತು ಕೆಲಸ ಮಾಡುವುದಕ್ಕಿಂತ ಕೆಳಗಿನ ಕೋಣೆಗೆ ಇಳಿಯುವುದು ಲೇಸು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷಕ್ಕೆಂದು ಬಿಟ್ಟು ಹೋಗುವ ಅಭ್ಯಾಸವನ್ನಂತೂ ಬಿಡಲೇಬೇಕು.

ಮಳೆ ಹಿಡಿಯುವ ಮೊದಲು ಮತ್ತು ಮಳೆ ಹಿಂದಿರುಗುವ ಅಕ್ಟೋಬರ್ ಸುಮಾರಿಗೆ ಸಂಜೆ ಗುಡುಗು ಸಿಡಿಲಿನ ಸಮಯ. ಸದ್ದು ದೂರದಲ್ಲಿ ಕೇಳಿಸಿದಾಗಲೇ ಚಾರ್ಜರನ್ನು ಗೋಡೆಯಿಂದ ಕಿತ್ತಿಡಬೇಕು. ಸ್ವಿಚ್ ಆರಿಸಿದರಷ್ಟೇ ಸಾಲದು. ಇಂಟರ್ನೆಟ್ಟಿನ ಲ್ಯಾನ್ ತಂತಿಯನ್ನು ಕಳಚುವುದನ್ನು ಹೆಚ್ಚಿನವರು ಮರೆಯುತ್ತಾರೆ, ಸಿಡಿಲಿನ ಹೊಡೆತ ಆ ದಾರಿಯಿಂದಲೂ ಒಳಗೆ ಬರುತ್ತದೆ. ವೋಲ್ಟೇಜ್ ಇಳಿಯುವುದರ ಬಗ್ಗೆ ಅಷ್ಟು ಹೆದರಬೇಕಾಗಿಲ್ಲ, ಏಕೆಂದರೆ ಬಹುತೇಕ ಚಾರ್ಜರುಗಳ ಮೇಲೆ ಬರೆದಿರುವಂತೆ ಅವು 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುತ್ತವೆ. ಹೆದರಬೇಕಾದದ್ದು ಕರೆಂಟ್ ಹೋಗಿ ಬರುವಾಗಿನ ಏರುಹೊಡೆತಕ್ಕೆ. ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಇರುವ ಪಟ್ಟಿ ಬೇಕು, ಆದರೆ ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಅದು ಪೂರ್ಣವಾಗಿ ಕೆಲಸ ಮಾಡುವುದಿಲ್ಲ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾದಾಗ ಅರ್ತಿಂಗ್ ದುರ್ಬಲವಾಗುತ್ತದೆ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಬೆರಳು ಜುಮ್ಮೆಂದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಪರೀಕ್ಷಿಸಿಕೊಳ್ಳಬೇಕು, ಅರ್ತಿಂಗ್ ಗುಂಡಿಗೆ ಫೆಬ್ರವರಿಯಿಂದ ಆಗಾಗ ನೀರು ಹಾಕುತ್ತಿರಬೇಕು.

ತೇವದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಎ.ಸಿ. ಹಾಕಿದ 22 ಡಿಗ್ರಿಯ ಕಚೇರಿಯಿಂದ ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕದ ಮೇಲೆ ಮಂಜು ಕೂರುವುದನ್ನು ಇಲ್ಲಿನವರೆಲ್ಲ ನೋಡಿರುತ್ತಾರೆ. ತಣ್ಣಗಿನ ಲ್ಯಾಪ್‌ಟಾಪಿನ ಒಳಗೂ ಅದೇ ರೀತಿ ನೀರಿನ ಪಸೆ ಕೂರುತ್ತದೆ. ಹಾಗೆ ಹೊರಗೆ ತಂದದ್ದನ್ನು ಚೀಲದ ಜಿಪ್ ತೆಗೆಯದೆ ಅರ್ಧ ಗಂಟೆ ಬಿಟ್ಟು, ಅದು ಹೊರಗಿನ ಉಷ್ಣತೆಗೆ ಬಂದ ಮೇಲೆ ತೆರೆದು ಚಾಲೂ ಮಾಡಬೇಕು. ಮಲ್ಪೆ, ಪಣಂಬೂರಿನಂತಹ ಕಡಲ ದಂಡೆಯಲ್ಲಿ ಕುಳಿತು ಕೆಲಸ ಮಾಡುವ ಆಸೆ ಚಿತ್ರಕ್ಕೆ ಚೆಂದವಾದರೂ, ಫ್ಯಾನು ಉಪ್ಪಿನ ಕಣಗಳನ್ನು ಒಳಗೆಳೆದುಕೊಳ್ಳುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರಿ ತಾಮ್ರದ ಗೆರೆಗಳನ್ನು ಹಸಿರುಗಟ್ಟಿಸುತ್ತದೆ. ಮನೆ ಕಡಲಿಗೆ ಹತ್ತಿರವಿದ್ದರೆ ಪಡುವಣ ಕಿಟಕಿಯ ಪಕ್ಕದಲ್ಲಿ ಮೇಜು ಹಾಕದಿರುವುದು ಒಳ್ಳೆಯದು.

ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬಟ್ಟೆಯೇ ಒಣಗದಿರುವಾಗ ಯಂತ್ರವನ್ನು ದಿನಕ್ಕೆ ಒಂದೆರಡು ಗಂಟೆಯಾದರೂ ನಡೆಸುವುದೇ ಅತ್ಯುತ್ತಮ ಉಪಾಯ, ಏಕೆಂದರೆ ಅದರದ್ದೇ ಬಿಸಿಯಿಂದ ಒಳಗಿನ ಪಸೆ ಆರುತ್ತದೆ. ಎತ್ತಿಡಲೇಬೇಕಾದರೆ ಶೇ. 50ರಷ್ಟು ಚಾರ್ಜ್ ಉಳಿಸಿ, ಪೂರ್ತಿ ಆರಿಸಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು. ತಿಂಗಳಿಗೊಮ್ಮೆ ತೆಗೆದು ನೋಡಿ, ಚಾರ್ಜ್ ಇಳಿದಿದ್ದರೆ ಮತ್ತೆ ಅರ್ಧಕ್ಕೆ ತರಬೇಕು. ಸೊನ್ನೆಗೆ ಇಳಿದು ತಿಂಗಳುಗಟ್ಟಲೆ ಬಿದ್ದಿದ್ದ ಬ್ಯಾಟರಿ ಮತ್ತೆ ಜೀವ ಹಿಡಿಯದೆಯೂ ಹೋಗಬಹುದು.

ಚಹಾ ಚೆಲ್ಲಿದರೆ ಕೂಡಲೇ ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿ, ಬೋರಲು ಹಾಕಿ ರಿಪೇರಿಯವರಲ್ಲಿಗೆ ಒಯ್ಯಬೇಕು. ಅಕ್ಕಿಯ ಡಬ್ಬದೊಳಗೆ ಹೂಳುವುದರಿಂದ ಪ್ರಯೋಜನವಿಲ್ಲ, ಅದು ಬೆಳ್ತಿಗೆಯಾದರೂ ಅಷ್ಟೇ ಕುಚ್ಚಲಕ್ಕಿಯಾದರೂ ಅಷ್ಟೇ.

ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಫ್ಯಾನಿನ ಧೂಳು ತೆಗೆಸಬೇಕು. ಸ್ವತಃ ಮಾಡುವವರು ಗಾಳಿ ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಕಡ್ಡಿಯಿಂದ ತಡೆದು ಹಿಡಿಯಬೇಕು. ಮೂರು ನಾಲ್ಕು ವರ್ಷ ಹಳೆಯದಾಗಿ, ಸಣ್ಣ ಕೆಲಸಕ್ಕೂ ಫ್ಯಾನು ಬೊಬ್ಬೆ ಹೊಡೆಯುತ್ತಿದ್ದರೆ ಪ್ರೊಸೆಸರಿನ ಬಿಸಿಯನ್ನು ಹೊರಗೆ ಸಾಗಿಸಲು ಹಚ್ಚಿರುವ ಥರ್ಮಲ್ ಪೇಸ್ಟ್ ಬದಲಿಸುವ ಕಾಲ ಬಂದಿರುತ್ತದೆ. ಕೀಲಿಮಣೆಯಲ್ಲಿ ಇರುವೆ ಕಂಡರೆ ತಿಂಡಿಯ ತಟ್ಟೆಯನ್ನು ದೂರ ಇಡುವುದಲ್ಲದೆ ಬೇರೆ ಮದ್ದು ನನಗಂತೂ ಸಿಕ್ಕಿಲ್ಲ.

ಬ್ಯಾಟರಿ ಎಷ್ಟು ಉಳಿದಿದೆಯೆಂದು ತಿಳಿಯಲು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಮೂಲಕ ಬ್ಯಾಟರಿ ರಿಪೋರ್ಟ್ ತೆಗೆಯಬಹುದು, ಮ್ಯಾಕ್‌ನಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ಭಾಗದಲ್ಲೇ ಅದು ಕಾಣಿಸುತ್ತದೆ. ವಿಂಡೋಸ್ ವರದಿಯಲ್ಲಿ ಮೂಲ ಸಾಮರ್ಥ್ಯ ಮತ್ತು ಈಗ ತುಂಬುವ ಸಾಮರ್ಥ್ಯ ಎರಡೂ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧದ ಹತ್ತಿರ ಬಂದಾಗ ಬದಲಾವಣೆಗೆ ಹಣ ತೆಗೆದಿಡಬಹುದು. ಆ ಹೊತ್ತಿಗೆ ಯಂತ್ರವೂ ನಿಧಾನವಾಗಿದ್ದರೆ ಎಸೆಯುವ ಮುನ್ನ ಹಳೆಯ ಹಾರ್ಡ್ ಡಿಸ್ಕಿನ ಬದಲು ವೇಗದ ಎಸ್‌ಎಸ್‌ಡಿ ಹಾಕಿಸಿ ನೋಡಬೇಕು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿರುವುದರಿಂದ, ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳಿಗೆ ವಿಂಡೋಸ್‌ನ ಬದಲು ಬಳಸಬಹುದಾದ ಲಿನಕ್ಸ್ ಹಾಕಿಸಿದರೆ ಬರವಣಿಗೆ, ಇಂಟರ್ನೆಟ್ ಕೆಲಸಗಳಿಗೆ ಇನ್ನೂ ಕೆಲವು ವರ್ಷ ಒದಗುತ್ತವೆ.

ಟಚ್‌ಪ್ಯಾಡ್ ಉಬ್ಬಿದೆ ಅಥವಾ ಅಡಿಭಾಗ ಮೇಜಿನ ಮೇಲೆ ಸಮನಾಗಿ ಕೂರುತ್ತಿಲ್ಲ ಎಂದರೆ ಮಾತ್ರ ಒಂದು ದಿನವೂ ಕಾಯಬಾರದು. ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಒತ್ತದೆ, ಚುಚ್ಚದೆ, ತಿಳಿದವರಿಂದ ಬ್ಯಾಟರಿಯನ್ನು ತೆಗೆಸಬೇಕು; ಒಳಗಿನ ಪದರಗಳು ಒಂದನ್ನೊಂದು ಮುಟ್ಟಿದರೆ ಬೆಂಕಿ ಹತ್ತಬಹುದು. ತೆಗೆದದ್ದನ್ನು ಮನೆಯ ಕಸದೊಂದಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದ್ದರಿಂದ ಹೊಸದನ್ನು ಕೊಳ್ಳುವ ಸೇವಾಕೇಂದ್ರದಲ್ಲೇ ಹಳೆಯದನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ಹಣ ಕೊಡುವ ಮೊದಲು ವಿಚಾರಿಸಬೇಕು.