ಅಚ್ಚಿಗೆ ಮುಂಚೆ ಸಂಪಾದಕರ ಕಣ್ಣಿಗೆ ಬೀಳಲಿ ನಿಮ್ಮ ಪುಸ್ತಕ

ತುಮಕೂರು ಜಿಲ್ಲೆಯಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಕ ತರುವವರು ಕಡಿಮೆಯೇನಿಲ್ಲ. ಶಿರಾ, ಗುಬ್ಬಿ, ತಿಪಟೂರಿನ ಮೇಷ್ಟ್ರುಗಳು, ಗೃಹಿಣಿಯರು, ನಿವೃತ್ತರು ವರ್ಷಗಟ್ಟಲೆ ಬರೆದು, ಕೂಡಿಟ್ಟ ದುಡ್ಡು ಹಾಕುತ್ತಾರೆ. ಮುಖಪುಟ, ಮುದ್ರಣ, ಬಿಡುಗಡೆ ಸಮಾರಂಭ ಎಲ್ಲಕ್ಕೂ ಲೆಕ್ಕ ಇರುತ್ತದೆ. ಸಂಪಾದಕರಿಗೆ ಮಾತ್ರ ಇರುವುದಿಲ್ಲ. ಇದು ನಿಜಕ್ಕೂ ಬೇಸರದ ಸಂಗತಿ.

ಬರೆದು ಮುಗಿಸಿದ ಮೇಲೆ ಒಂದೆರಡು ವಾರ ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ, ನಿಮಗೇ ಕಾಣುವ ತಪ್ಪು ತಿದ್ದಿಕೊಳ್ಳಿ.

ಮುಂದಿನದು, ಎಂಥ ಓದು ಬೇಕು ಅನ್ನುವ ತೀರ್ಮಾನ. ಒಟ್ಟು ಕೃತಿಯನ್ನು ನೋಡಿ ಯಾವ ಅಧ್ಯಾಯ ಬೇಡ, ಯಾವ ಪಾತ್ರ ಅರ್ಧಕ್ಕೇ ನಿಂತಿದೆ ಎಂದು ವರದಿ ಕೊಡುವುದು ಒಂದು ಬಗೆ. ವಾಕ್ಯ ವಾಕ್ಯ ತಿದ್ದುವುದು ಇನ್ನೊಂದು. ಕೊನೆಯದು ಕರಡು ತಿದ್ದುವುದು, ಅಂದರೆ ಪ್ರೂಫ್. ನಮ್ಮಲ್ಲಿ ಜಾಸ್ತಿ ಜನ ಪ್ರೂಫನ್ನೇ ಸಂಪಾದನೆ ಅಂದುಕೊಳ್ಳುತ್ತಾರೆ. ಕೆಲಸ ಇದೇ ಕ್ರಮದಲ್ಲಿ ನಡೆಯಬೇಕು. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು, ಆದ ಮೇಲೆ ಒಂದು ಅಧ್ಯಾಯ ಕಿತ್ತರೆ ಪರಿವಿಡಿ, ಪುಟಸಂಖ್ಯೆ, 16 ಪುಟಕ್ಕೊಂದರಂತೆ ಅಚ್ಚಾಗುವ ಫಾರಂಗಳ ಲೆಕ್ಕ ಎಲ್ಲ ಏರುಪೇರಾಗುತ್ತದೆ. ಪ್ರೂಫ್ ನೋಡಲು ಭಾಷೆ ಬಲ್ಲ ಗೆಳೆಯರು ಸಿಕ್ಕಾರು. ದುಡ್ಡು ಒಂದಕ್ಕೇ ಸಾಲುವುದಾದರೆ ಒಟ್ಟು ಕೃತಿ ನೋಡುವ ಮೊದಲ ಬಗೆಗೇ ಹಾಕಿ.

ಸಂಪಾದಕರನ್ನು ಹುಡುಕಲು ನಿಮಗೆ ಹಿಡಿಸಿದ ಪುಸ್ತಕಗಳ ಕೃತಜ್ಞತೆಯ ಪುಟ ನೋಡಿ. ತುಮಕೂರು ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ, ಪತ್ರಿಕೆಗಳ ಡೆಸ್ಕಿನಲ್ಲಿ ದುಡಿದವರಲ್ಲಿ ವಿಚಾರಿಸಿ. ಮುನ್ನುಡಿ ಬರೆಯುವ ಹಿರಿಯರನ್ನೇ ತಿದ್ದಿಕೊಡಿ ಅನ್ನುವುದು ಬೇಡ. ಮುನ್ನುಡಿಯ ಕೆಲಸ ಹರಸುವುದು, ಅಲ್ವಾ? ಯಾರಾದರೂ ಕದ್ದಾರು ಅನ್ನುವ ಭಯವೂ ಬೇಡ. 1957ರ ಕಾಪಿರೈಟ್ ಕಾಯ್ದೆಯಂತೆ ಬರೆದ ಕೂಡಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ.

ಒಪ್ಪಿಕೊಳ್ಳುವ ಮುಂಚೆ ಹತ್ತು ಪುಟ ಮಾದರಿಗೆ ತಿದ್ದಿಸಿ. ಇದಕ್ಕೂ ಹಣ ಕೇಳಿದರೆ ಕೊಡಿ, ನಷ್ಟವಿಲ್ಲ. ಸಂಭಾಷಣೆ ಇರುವ ಪುಟಗಳನ್ನೇ ಆರಿಸಿ. ನಿಮ್ಮ ಪಾತ್ರ 'ಬತ್ತೀನಿ ಕಣಣ್ಣ' ಅಂದದ್ದು 'ಬರುತ್ತೇನೆ ಅಣ್ಣ' ಆಗಿ ವಾಪಸ್ ಬಂದರೆ ಕಾರಣ ಕೇಳಿ. ಪಾವಗಡದ ಕಡೆಯ ತೆಲುಗು ಬೆರೆತ ಮಾತನ್ನು ಬೇಕೆಂದೇ ಬರೆದಿದ್ದರೆ ಮೊದಲೇ ತಿಳಿಸಿ. ಆ ಮಾತು ಉಳಿಯಬೇಕು. ಅದನ್ನು ಕೇಳಿಸಿಕೊಳ್ಳದ ಸಂಪಾದಕರು ಎಷ್ಟೇ ವಿದ್ವಾಂಸರಾಗಿದ್ದರೂ ನಿಮ್ಮ ಪುಸ್ತಕಕ್ಕೆ ಸರಿಹೊಂದುವುದಿಲ್ಲ.

ದರ ಪುಟಕ್ಕೋ ಪದಕ್ಕೋ, ಎಷ್ಟು ಸುತ್ತು ತಿದ್ದುವುದು, ಯಾವ ದಿನಕ್ಕೆ, ಮುಂಗಡ ಎಷ್ಟು ಎಂಬುದನ್ನು ಇಮೇಲಿನಲ್ಲಿ ಬರೆದುಕೊಳ್ಳಿ. ಬಾಯಿಮಾತು ಸಾಲದು.

ಫೈಲು ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರದಲ್ಲಿರಲಿ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟಿನಿಂದ ಬದಲಾಯಿಸಿದ್ದರೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಪರೀಕ್ಷಿಸಿ. ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ ಹಾಕಿ ತಿದ್ದಲು ಹೇಳಿ. ಆಗ ಪ್ರತಿ ಬದಲಾವಣೆಯೂ ಕಾಣುತ್ತದೆ, ಬೇಡವಾದದ್ದನ್ನು ಬಿಡಬಹುದು. ಜೊತೆಗೆ ನಿಮ್ಮ ಅನುಮಾನಗಳನ್ನೂ ಬರೆದು ಕಳಿಸಿ. 'ಹೇಗಿದೆ?' ಅಂದರೆ ಸುಮ್ನೆ 'ಚೆನ್ನಾಗಿದೆ' ಅನ್ನುವ ಉತ್ತರ ಬರುತ್ತದೆ. 'ಅಜ್ಜಿಯ ಸಾವು ಅವಸರದಲ್ಲಿ ಮುಗಿಯಿತೇ?' ಎಂದು ಕೇಳಿದರೆ ಉಪಯೋಗಕ್ಕೆ ಬರುವ ಮಾತು ಸಿಗುತ್ತದೆ.

ವರದಿ ಬಂದ ದಿನವೇ ಉತ್ತರಿಸಬೇಡಿ. ಮನಸ್ಸಿಗೆ ನೋವಾಗುತ್ತದೆ, ಆಗಲಿ. ನಾಲ್ಕು ದಿನ ಬಿಟ್ಟು ಮತ್ತೆ ಓದಿ, ಒಪ್ಪುವುದು, ಒಪ್ಪದ್ದು, ಅರ್ಥವಾಗದ್ದು ಎಂದು ಗುರುತು ಹಾಕಿ. ಅರ್ಥವಾಗದ್ದಕ್ಕೆ ಫೋನ್ ಮಾಡಿ ಕೇಳಿ. ಓದುವಾಗ ಸಂಪಾದಕರು ಎಡವಿದ ಜಾಗದಲ್ಲಿ ತೊಡಕಿದೆ ಎಂದು ನಂಬಿ, ಆದರೆ ಅವರು ಸೂಚಿಸಿದ ಪರಿಹಾರವನ್ನೇ ಹಿಡಿಯಬೇಕಿಲ್ಲ. ತಿದ್ದಿ ಮುಗಿದ ಮೇಲೆ ಪ್ರೂಫ್ ನೋಡಲು ಇದುವರೆಗೆ ಹಸ್ತಪ್ರತಿ ಓದಿರದ ಒಬ್ಬರಿಗೆ ಕೊಡಿ.